ಗುರುತಿಲ್ಲದ ಧ್ವನಿ

ನಮ್ಮ ಪಡಸಾಲೆಗೆ ತೆರೆ ಬಂದದ್ದು ಯುಗಾದಿಯ ಮರುವಾರ. ತೆರೆ ಎಂದರೆ ಬಟ್ಟೆಯಲ್ಲ. ಬಾಟಲಿಯ ಮುಚ್ಚಳದಷ್ಟು ಅಗಲದ ಹನ್ನೆರಡು ಬಿಲ್ಲೆಗಳು, ಅವನ್ನು ನಡೆಸುವ ಒಂದು ಪೆಟ್ಟಿಗೆ, ನನ್ನ ಮಾತನ್ನು ಹಿಡಿಯಲು ಕೊರಳಿಗೊಂದು ಪಟ್ಟಿ. ಬಿಲ್ಲೆಗಳನ್ನು ತೊಲೆಗಳಿಗೆ ಅಂಟಿಸಿದರು. ನನ್ನ ಕುರ್ಚಿಯ ಸುತ್ತ ನೆಲದ ಮೇಲೆ ಬಿಳಿ ಬಣ್ಣದ ದುಂಡು ಗೆರೆ ಎಳೆದರು. ಗೆರೆಯ ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ಸದ್ದೆಂಬುದು ಗಾಳಿಯಲ್ಲಿ ಏರಿ ಇಳಿಯುವ ಅಲೆ. ಅದು ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಇನ್ನೊಂದು ಅಲೆಯನ್ನು ಬಿಲ್ಲೆಗಳು ಹುಟ್ಟಿಸುತ್ತವೆ. ಎರಡೂ ಕೂಡಿದರೆ ಏನೂ ಉಳಿಯುವುದಿಲ್ಲ. ತತ್ವ ಹಳೆಯದೇ. ಕಿವಿಯ ಬದಲು ಒಂದು ಜಾಗಕ್ಕೇ ಅದನ್ನು ತೊಡಿಸಿದ್ದಷ್ಟೇ ಹೊಸದು.

ನಾನು ಬೆಟಗೇರಿಯ ಮೂರು ಕೋಣೆಯ ಮನೆಯಲ್ಲಿ ಕುಳಿತು ಕರಾವಳಿಯ ಬಂದರೊಂದರಲ್ಲಿ ಕ್ರೇನ್ ನಡೆಸುತ್ತೇನೆ. ಹಡಗಿನಿಂದ ಕಂಟೇನರ್ ಎತ್ತಿ ಲಾರಿಯ ಮೇಲೆ ಇಡುವ ಕೆಲಸ. ಎರಡು ಹಿಡಿಕೆ, ನಾಲ್ಕು ಪರದೆ, ಒಂದು ಕಿವಿಯಲ್ಲಿ ನಿಯಂತ್ರಣ ಕೊಠಡಿಯ ಸಾಲ್ಯಾನರ ಧ್ವನಿ. ಎಂ.ಎಸ್ಸಿ. ಮಾಡಿದವನು ಕ್ರೇನ್ ನಡೆಸುವುದೇ ಎಂದು ಮೊದಮೊದಲು ಕೇಳುತ್ತಿದ್ದರು. ಮನೆಯಲ್ಲೇ ಇದ್ದು ಮಾಡುವ ಕೆಲಸ ಎಂದಾಗ ಸುಮ್ಮನಾಗುತ್ತಿದ್ದರು. ಹೆಂಡತಿ ಕಸ್ತೂರಿ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್, ನಸುಕಿನಲ್ಲೇ ಹೊರಟುಬಿಡುತ್ತಾಳೆ. ಮನೆಯಲ್ಲಿ ಉಳಿಯುವವರು ನಾನು, ಅವ್ವ, ಮತ್ತು ಶಾಲೆ ಇಲ್ಲದಾಗ ಏಳು ವರ್ಷದ ಮಗಳು ಇಂಚರ.

ತೆರೆ ಬರಲು ಕಾರಣ ಇಂಚರಳೇ. ಹಿಂದಿನ ಕಾರ್ತೀಕದಲ್ಲಿ ಅವಳು ಹಿತ್ತಲ ಮೆಟ್ಟಿಲಿನಿಂದ ಬಿದ್ದು ಕಿರುಚಿದಳು. ನಾನು ಹಿಡಿಕೆ ಬಿಟ್ಟು ಎದ್ದೆ. ಇನ್ನೂರೈವತ್ತು ಕಿಲೋಮೀಟರ್ ಆಚೆ ಇಪ್ಪತ್ತು ಟನ್ನಿನ ಕಂಟೇನರ್ ತೂಗಿ ಒಂದು ಲಾರಿಯ ತಲೆ ಸವರಿತು. ಚಾಲಕ ಚಹಾ ಕುಡಿಯಲು ಇಳಿದಿದ್ದರಿಂದ ಉಳಿದ. ಇಂಚರಳಿಗೆ ಮೊಣಕಾಲು ತರಚಿತ್ತು, ಅಷ್ಟೇ. ನನಗೆ ಪತ್ರ ಬಂತು: ಇನ್ನೊಂದು ತಪ್ಪಾದರೆ ಕೆಲಸವಿಲ್ಲ. ಆ ಪತ್ರವನ್ನು ಕಸ್ತೂರಿ ಓದಿ ಹೇಳುವಾಗ ಅವ್ವ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಪಾತ್ರೆಗಳನ್ನು ಹಿತ್ತಲಿಗೆ ಒಯ್ದು ತೊಳೆಯತೊಡಗಿದಳು.

ತೆರೆ ಹಾಕಲು ಬಂದ ತಂತ್ರಜ್ಞ ನಿಯಮ ವಿವರಿಸಿದ. ಮನೆಯವರು ತುರ್ತಾಗಿ ಕರೆಯಬೇಕಾದರೆ ನನ್ನ ಹೆಸರು ಹಿಡಿದು ಕೂಗಬೇಕು. ಆಗ ತೆರೆ ದಾರಿ ಬಿಡುತ್ತದೆ. ಗುರುತಿನ ಚೀಟಿಯಲ್ಲಿರುವ ಹೆಸರೇ ಆಗಬೇಕು. ಅಪ್ಪಾ, ಅಣ್ಣಾ ಎಂಬವು ಬೀದಿಯಲ್ಲಿ, ಟೀವಿಯಲ್ಲಿ ದಿನಕ್ಕೆ ನೂರು ಸಲ ಕೇಳುತ್ತವೆ, ಅವು ನಡೆಯುವುದಿಲ್ಲ. ಮನೆಯ ಪ್ರತಿಯೊಬ್ಬರೂ ಆ ಹೆಸರನ್ನು ಪೆಟ್ಟಿಗೆಯ ಮುಂದೆ ಮೂರು ಸಲ ಹೇಳಿ ಧ್ವನಿ ನೋಂದಾಯಿಸಬೇಕು.

ಕಸ್ತೂರಿ ನಗುತ್ತ ಹೇಳಿದಳು. ಇಂಚರ ಕುಣಿಯುತ್ತ ಹೇಳಿದಳು. ಅವ್ವನ ಸರದಿ ಬಂತು.

"ಅವ್ವಾರ, ಮಗನ ಹೆಸರು ಹೇಳ್ರಿ."

"ಅದು ನಮ್ಮ ಮಾವನೋರ ಹೆಸರಪಾ."

"ಮಾವಂದಲ್ರಿ, ಮಗಂದು ಹೇಳ್ರಿ."

"ಎರಡೂ ಒಂದ. ಅವರ ಹೆಸರ ಇವಂಗ ಇಟ್ಟೇವಿ."

"ಹಂಗಾರ ಹೇಳ್ರಲಾ, ದುಂಡಪ್ಪ ಅಂತ."

"ನೀ ಹೇಳಿದೆಲ್ಲ, ಸಾಕಲ್ಲ," ಎಂದು ಅವ್ವ ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು.

ಅವ್ವ ನನ್ನನ್ನು ಹುಟ್ಟಿದಾಗಿನಿಂದ ಹಿರ್ಯಾ ಎಂದೇ ಕರೆದವಳು. ಶಾಲೆಗೆ ಸೇರಿಸುವಾಗಲೂ ಮಾಸ್ತರಿಗೆ ಹೆಸರು ಹೇಳಿದ್ದು ಪಕ್ಕದ ಮನೆಯ ಗಂಗಕ್ಕ. ಮಾವ ಸತ್ತು ಮೂವತ್ತಾರು ವರ್ಷವಾದರೂ ಅವರ ಹೆಸರು ಅವಳ ಬಾಯಿಂದ ಬಂದಿಲ್ಲ. ಇದನ್ನೆಲ್ಲ ಆ ತಂತ್ರಜ್ಞನಿಗೆ ಬಿಡಿಸಿ ಹೇಳಲು ನನಗೆ ನಾಚಿಕೆಯಾಯಿತು. ಅವನು ತಂತಿ ಎಳೆಯಲು ಅಟ್ಟ ಹತ್ತಿದಾಗ ಕಸ್ತೂರಿಗೆ ಸನ್ನೆ ಮಾಡಿದೆ. ಅವಳು ಬಾಯಿಗೆ ಸೆರಗು ಹಿಡಿದು, ಮುದುಕಿಯ ಧ್ವನಿ ಮಾಡಿ, ಅವ್ವನ ಹೆಸರಿನ ಮುಂದೆ ಮೂರು ಸಲ ದುಂಡಪ್ಪ ಎಂದಳು. ಹಸಿರು ದೀಪ ಹತ್ತಿತು. "ಕಂಪನಿಯವರಿಗೆ ಗೊತ್ತಾದ್ರ ಇಬ್ಬರ್ನೂ ಬಸ್ಸಿಂದ ಇಳಸ್ತಾರ ನೋಡ್ರಿ," ಎಂದು ನಕ್ಕಳು. ಸುಳ್ಳು ನೋಂದಣಿಗೆ ಕೆಲಸ ಹೋಗುತ್ತದೆ ಎಂದು ಕರಾರಿನ ಆರನೇ ಪುಟದಲ್ಲಿತ್ತು. ನಾನು ಓದಿದ್ದೆ.

ತೆರೆಯ ಒಳಗಿನ ಮೌನ ನನಗೆ ಬೇಗ ಹಿಡಿಸಿತು. ಹೇಳಿಕೊಳ್ಳಲು ಒಳ್ಳೆಯದಲ್ಲ, ಆದರೆ ನಿಜ. ಕುಕ್ಕರ್ ಉಗಿ ಬಿಡುತ್ತದೆ, ಸೀಟಿಯಿಲ್ಲ. ಮಗಳು ಹಗ್ಗ ಜಿಗಿಯುತ್ತಾಳೆ, ಸಪ್ಪಳವಿಲ್ಲ. ಮನೆ ಕಣ್ಣೆದುರೇ ಇರುತ್ತದೆ, ನನ್ನಿಂದ ಏನನ್ನೂ ಕೇಳುವುದಿಲ್ಲ. ಐದು ತಿಂಗಳಲ್ಲಿ ಒಂದೂ ತಪ್ಪಾಗಲಿಲ್ಲ. "ನಿಮ್ಮ ಕೈ ಈಗ ಭಾರೀ ಸಾಪು ಉಂಟು ಮಾರಾಯ್ರೆ," ಎಂದರು ಸಾಲ್ಯಾನ್. ಮನೆಯವರು ಸನ್ನೆ ಕಲಿತರು. ಇಂಚರ ಪಾಟಿಯ ಮೇಲೆ 'ನೀರು?' ಎಂದು ಬರೆದು ಗೆರೆಯಾಚೆಯಿಂದ ತೋರಿಸುತ್ತಿದ್ದಳು. ಪಾಳಿ ಮುಗಿದು ಪಟ್ಟಿ ಬಿಚ್ಚಿದ ಮೇಲೂ ಅವಳು ಪಾಟಿ ಹಿಡಿದೇ ಬರುತ್ತಿದ್ದಳು. ಮಾತಾಡು ಎಂದು ನಾನು ಹೇಳಬೇಕಾಗುತ್ತಿತ್ತು. ಕೆಲವು ದಿನ ಹೇಳುತ್ತಿರಲಿಲ್ಲ.

ಅವ್ವ ಮಾತ್ರ ಬೇರೊಂದು ರೂಢಿ ಹಿಡಿದಳು. ಹನ್ನೊಂದರ ಹೊತ್ತಿಗೆ, ಇಂಚರ ಶಾಲೆಗೆ ಹೋಗಿ ಮನೆ ಖಾಲಿಯಾದ ಮೇಲೆ, ಮೊರದಲ್ಲಿ ಜೋಳ ಹಾಕಿಕೊಂಡು ಬಂದು ಬಿಳಿ ಗೆರೆಗೆ ತಾಗುವಂತೆ ಕೂರುತ್ತಿದ್ದಳು. ಹರಳು ಆರಿಸುತ್ತ ಮಾತಾಡುತ್ತಿದ್ದಳು. ಪರದೆಯ ಅಂಚಿನ ಗಾಜಿನಲ್ಲಿ ಅವಳ ಬಿಂಬ, ತುಟಿ ಅಲುಗುವುದು ಕಾಣುತ್ತಿತ್ತು. ಒಮ್ಮೊಮ್ಮೆ ನಗುತ್ತಿದ್ದಳು, ಒಮ್ಮೊಮ್ಮೆ ಕೈ ನಿಲ್ಲಿಸಿ ನನ್ನ ಬೆನ್ನನ್ನೇ ನೋಡುತ್ತಿದ್ದಳು. ವಯಸ್ಸಾದವರು ತಮ್ಮಷ್ಟಕ್ಕೆ ಆಡಿಕೊಳ್ಳುತ್ತಾರೆ ಎಂದುಕೊಂಡೆ. ಏನು ಹೇಳುತ್ತಿದ್ದೆ ಎಂದು ಸಂಜೆ ಒಂದು ದಿನವೂ ಕೇಳಲಿಲ್ಲ.

ಮೂರು ತಿಂಗಳಿಗೊಮ್ಮೆ ನಾವು ಹುಬ್ಬಳ್ಳಿಯ ಕೇಂದ್ರಕ್ಕೆ ಹೋಗಿ ಕಣ್ಣು, ಕಿವಿ, ಕೈ ತೋರಿಸಬೇಕು. ಅಲ್ಲಿ ಗಾಜಿನ ಗೋಡೆಯ ಹಿಂದೆ ಕೇಳುಗರು ಕೂರುತ್ತಾರೆ. ತೆರೆ ಮನೆಯವರ ಮಾತನ್ನು ಅಳಿಸಿ ಅಲ್ಲೇ ಮರೆಯುತ್ತದೆ, ಹಾಗೆಂದು ಕಾನೂನಿದೆ. ಆದರೆ ಪೆಟ್ಟಿಗೆಗೆ ಪರಿಚಯವಿಲ್ಲದ ಧ್ವನಿ ದಿನವೂ ಗೆರೆಯ ಹತ್ತಿರ ಕೇಳಿದರೆ ಅದನ್ನು ಉಳಿಸಿ ಕೇಂದ್ರಕ್ಕೆ ಕಳಿಸುತ್ತದೆ. ನಮ್ಮ ಬದಲು ಬೇರೆಯವರು ಕುಳಿತು ಕ್ರೇನ್ ನಡೆಸುತ್ತಿದ್ದಾರೋ ಏನೋ ಎಂಬ ಅನುಮಾನಕ್ಕೆ. ಯಾವ ಊರು, ಯಾರ ಮನೆ ಎಂಬುದನ್ನು ಮರೆಮಾಡಿ ಧ್ವನಿಯನ್ನಷ್ಟೇ ಕೇಳುಗರಿಗೆ ಕೊಡುತ್ತಾರೆ.

ಶ್ರಾವಣದ ತಪಾಸಣೆಗೆ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಕೇಳುಗ ಹೆಂಗಸು, ಐವತ್ತರ ಆಸುಪಾಸಿನವರು, ನೀರಿನ ಲೋಟ ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರವೂ ನಿಂತು ಏನೋ ಕೇಳಿ ಮುಂದೆ ಹೋಗುತ್ತಿದ್ದರು. ಕೊರಳಿನ ಚೀಟಿಯಲ್ಲಿ ಶಾಹೀನಾ ನದಾಫ ಎಂದಿತ್ತು. ನನ್ನ ಬಳಿ ಬಂದರು.

"ನಿಮಗ ಮನ್ಯಾಗ ಯಾರರ ಹಿರ್ಯಾ ಅಂತಾರೇನ್ರಿ?"

"ನಮ್ಮವ್ವ ಅಂತಾಳ್ರಿ. ಯಾಕ್ರಿ?"

ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಸಿಕ್ಕಿರಲ್ಲ ಮಾರಾಯ್ರ. ಎರಡು ದಿನದಾಗ ನಲವತ್ತು ಮಂದೀನ ಕೇಳೇನಿ. ಎಲ್ಲಾರೂ ನನ್ನ ಹುಚ್ಚಿ ನೋಡಿದಂಗ ನೋಡಾಕತ್ತಿದ್ರು."

ಮೂಲೆಗೆ ಕರೆದೊಯ್ದು ಮೆಲ್ಲಗೆ ಹೇಳಿದರು. ಐದು ತಿಂಗಳಿಂದ ಒಬ್ಬ ತಾಯಿಯ ಮಾತು ಅವರ ಮೇಜಿಗೆ ಬರುತ್ತಿದೆ. ಪೆಟ್ಟಿಗೆ ಅದಕ್ಕೆ 'ಗುರುತಿಲ್ಲದ ಧ್ವನಿ' ಎಂದು ಚೀಟಿ ಹಚ್ಚಿದೆ. ಅವರು ಕೇಳಿ, 'ತೊಂದರೆಯಿಲ್ಲ' ಎಂಬ ಗುಂಡಿ ಒತ್ತಬೇಕು. ಒತ್ತುತ್ತಲೇ ಬಂದಿದ್ದಾರೆ.

ಅವ್ವ ಪೆಟ್ಟಿಗೆಗೆ ಪರಕೀಯಳು. ಅವಳ ಹೆಸರಿನಡಿ ಇರುವುದು ಕಸ್ತೂರಿಯ ಧ್ವನಿ. ಮಾಡಿದ್ದು ನಾನೇ.

"ಏನಂತಾಳ್ರಿ ಅವ್ವ?"

"ಅದನ್ನ ಹೇಳಿದ್ರ ನನ್ನ ಕೆಲಸ ಹೋಗತೈತಿ. ಅದಕ್ಕಂತ ಅಲ್ಲರಿ ನಾ ಹೇಳದ ಇರೂದು. ಅಕಿ ನನಗ ಹೇಳಾಕತ್ತಿಲ್ಲ, ನಿಮಗ ಹೇಳಾಕತ್ತಾಳ. ಹೆಣ್ಣಮಗಳ ಮಾತು, ನನ್ನ ಬಾಯಿಂದ ನೀವು ಕೇಳಬಾರದು." ಹೊರಡುವವರು ತಿರುಗಿ ನಿಂತರು. "ದವಾಖಾನಿ ಮಾತೈತಿ. ಭಾಳ ದಿನ ಬಿಡಬ್ಯಾಡ್ರಿ."

ಧ್ವನಿಮುದ್ರಣ ಕೊಡಿ ಎಂದು ನಾನು ಅರ್ಜಿ ಹಾಕಬಹುದಿತ್ತು. ಹಾಕಿದರೆ ಸುಳ್ಳು ನೋಂದಣಿ ಹೊರಬೀಳುತ್ತಿತ್ತು, ಶಾಹೀನಾ ಅವರ ಹೆಸರೂ. ಆ ಸಂಜೆ ಅವ್ವನನ್ನೇ ಕೇಳಿದೆ.

"ಅವ್ವಾ, ಮೈಯಾಗ ಆರಾಮ ಇಲ್ಲೇನು?"

"ನನಗೇನಾಗೇತಿ? ಕಲ್ಲಗುಂಡು ಇದ್ದಂಗ ಅದೀನಿ."

ಕಸ್ತೂರಿಯಿಂದ ಕೇಳಿಸಿದೆ. ಮೊಣಕಾಲು ನೋವು ಎಂದಳಂತೆ. ಕಸ್ತೂರಿ ರಜೆ ಹಾಕಿ ಓಣಿಯ ಡಾಕ್ಟರ ಬಳಿ ಕರೆದೊಯ್ದಳು. ಅವರು ಮೊಣಕಾಲಿಗೆ ಮುಲಾಮು ಕೊಟ್ಟರು. ಅವ್ವ ಅದನ್ನು ಎರಡು ದಿನ ಶ್ರದ್ಧೆಯಿಂದ ಹಚ್ಚಿಕೊಂಡಳು. ಮರುದಿನ ಹನ್ನೊಂದಕ್ಕೆ ಮತ್ತೆ ಮೊರ ಹಿಡಿದು ಗೆರೆಯ ಬಳಿ ಬಂದು ಕುಳಿತಳು, ತುಟಿ ಅಲುಗತೊಡಗಿತು. ನನ್ನ ಕೈಗಳು ಹಿಡಿಕೆಯ ಮೇಲಿದ್ದವು. ಎಂಟು ಗೇಣು ದೂರದಲ್ಲಿ ಅವಳು ಹೇಳುತ್ತಿದ್ದಳು. ಒಂದು ಮಾತೂ ನನ್ನನ್ನು ಮುಟ್ಟಲಿಲ್ಲ.

ತೆರೆಗೆ ಪರೀಕ್ಷೆಯ ಗುಂಡಿಯೊಂದಿದೆ. ಬಿಲ್ಲೆಗಳನ್ನು ಒರೆಸಲೆಂದು ದಿನಕ್ಕೆ ಹತ್ತು ನಿಮಿಷ ಅದನ್ನು ಒತ್ತಿ ತೆರೆ ಇಳಿಸಬಹುದು. ಹತ್ತು ಮೀರಿದರೆ ನಿಯಂತ್ರಣ ಕೊಠಡಿಗೆ ಸುದ್ದಿ ಹೋಗುತ್ತದೆ. ಕ್ರೇನ್ ನಿಲ್ಲಿಸಿದ ಮೇಲೆಯೇ ಒತ್ತಬೇಕೆಂಬುದು ನಿಯಮ. ನಿಲ್ಲಿಸಿದರೆ ನನ್ನ ಪರದೆಗಳು ಕಪ್ಪಾಗುತ್ತವೆ, ಕೆಲಸ ನಿಂತಿತೆಂದು ತಿಳಿದು ಅವ್ವ ಎದ್ದು ಹೋಗುತ್ತಾಳೆ. ಆದ್ದರಿಂದ ಕ್ರೇನ್ ನಡೆಯುತ್ತಿರುವಾಗಲೇ ಒತ್ತಿದೆ.

ಮೊದಲು ಕೇಳಿದ್ದು ನಮ್ಮ ಮನೆಯ ಫ್ಯಾನು. ಅದು ಹಾಗೆ ಕಿರುಗುಡುತ್ತದೆಂಬುದೇ ಮರೆತುಹೋಗಿತ್ತು. ಆಮೇಲೆ ಬೀದಿಯಲ್ಲೊಬ್ಬ ಸೊಪ್ಪು ಮಾರುವವಳು, ಮೊರದಲ್ಲಿ ಜೋಳ ಹಾರುವ ಸದ್ದು. ಆಮೇಲೆ ಅವ್ವ.

"...ಕುತಗೀಗೆ ಪಟ್ಟಿ ಹಾಕ್ಯಾರ ನೋಡು, ಎತ್ತಿಗೆ ಹಾಕಿದಂಗ. ಎತ್ತಿಗರ ಸಂಜೀಕ ಮೇವು ಹಾಕಿ ಮೈ ತಿಕ್ಕತಾರ. ಇವಂಗ ಅದೂ ಇಲ್ಲ. ಏನೋ ಹಿರ್ಯಾ, ಉಂಡ್ಯೋ ಇಲ್ಲೋ ಅಂತ ನಿನಗ ನೆನಪರ ಇರತೈತೇನು? ಮೊನ್ನಿ ಎರಡ ಸಲ ಉಂಡಿ. ನಾ ಸುಮ್ಮನ ನೀಡಿದೆ."

ನಗು ಬಂತು. ತುಟಿ ಕಚ್ಚಿದೆ. ನನ್ನ ಧ್ವನಿ ಈಗ ಅವಳಿಗೆ ಕೇಳುತ್ತದೆ. ಸಾಲ್ಯಾನರಿಗೆ ಬಾಯಿಬಿಡದೆ, ಹಿಡಿಕೆಯ ಮೇಲಿನ 'ಸರಿ' ಎಂಬ ಗುಂಡಿ ಒತ್ತಿಯೇ ಉತ್ತರ ಕೊಟ್ಟೆ. ಅವ್ವ ಗಂಗಕ್ಕನ ಸೊಸೆಯ ಬಗ್ಗೆ, ನಲ್ಲಿಯಲ್ಲಿ ಬರುವ ಕೆಂಪು ನೀರಿನ ಬಗ್ಗೆ, ಬಸ್ಸಿನಲ್ಲಿ ನಿಂತು ನಿಂತು ಕಸ್ತೂರಿಯ ಕಾಲು ಊದುವುದರ ಬಗ್ಗೆ ಹೇಳಿದಳು. ಹತ್ತು ನಿಮಿಷ ಮುಗಿಯುವ ಮುನ್ನ ತೆರೆ ಏರಿಸಿದೆ. ದವಾಖಾನೆಯ ಮಾತು ಬರಲಿಲ್ಲ. ಐದು ತಿಂಗಳು ಇಂಥ ಎಷ್ಟು ಮಾತುಗಳು ಗೆರೆಗೆ ಬಂದು ಬಿದ್ದಿರಬಹುದು ಎಂದು ಆ ರಾತ್ರಿಯ ಊಟದಲ್ಲಿ ಲೆಕ್ಕ ಹಾಕತೊಡಗಿ, ಬಿಟ್ಟೆ. ಅವ್ವ ಎದುರಿಗೇ ಕುಳಿತಿದ್ದಳು.

ಮರುದಿನ ಮತ್ತೆ ಒತ್ತಿದೆ. ಒಂದು ಕಂಟೇನರನ್ನು ಹಡಗಿನಿಂದ ಆಗಷ್ಟೇ ಎತ್ತಿದ್ದೆ. ಕೆಳಗೆ ಲಾರಿಯೊಂದು ಕಾಯುತ್ತಿತ್ತು.

ಅವ್ವ ಒಂದೆರಡು ಹರಳು ಆರಿಸಿದಳು. ಆಮೇಲೆ ಹೇಳಿದಳು.

"ಇವತ್ತ ಮತ್ತ ಆತು. ನಿನ್ನಿಕ್ಕಿಂತ ಹೆಚ್ಚ ಐತಿ."

ಕಂಟೇನರ್ ಹಡಗಿನ ಅಂಚು ದಾಟಿತು.

"ಹೊರಗಾಗೂದು ನಿಂತು ಒಂಬತ್ತು ವರ್ಷಾಗಿತ್ತು ಹಿರ್ಯಾ. ಇದೇನು ಈ ವಯಸ್ಸಿನ್ಯಾಗ ಸುರುವಾತು. ಶಿವರಾತ್ರಿಯಿಂದ ನೋಡಾಕತ್ತೇನಿ. ಅರಿಬಿ ತೊಳದು ಹಿತ್ತಲದಾಗ ಚೀಲದ ಕೆಳಗ ಒಣಗಸ್ತೀನಿ, ಕಸ್ತೂರಿ ಕಣ್ಣಿಗೆ ಬೀಳಬಾರದಂತ. ನಮ್ಮ ದೊಡ್ಡವ್ವಗೂ ಹಿಂಗ ಆಗಿತ್ತು. ಅಕಿ ವರ್ಷ ದಾಟಲಿಲ್ಲ. ಕಸ್ತೂರಿಗೆ ಹೇಳಿದ್ರ ನಿನಗ ಹೇಳತಾಳ. ನಿನಗ ಹೇಳಿದ್ರ ನೀ ಎದ್ದ ಬಿಡತಿ. ಕೂಸು ಬಿದ್ದಾಗ ಎದ್ದೆಲ್ಲ, ಹಂಗ. ಮತ್ತ ಪತ್ರ ಬರತೈತಿ."

ನನ್ನ ಕೈ ನಿಂತಿತು. ಕಂಟೇನರ್ ಲಾರಿಯ ಮೇಲೆ ನಾಲ್ಕಾಳೆತ್ತರದಲ್ಲಿ ನಿಂತಿತು.

"ನಿನಗ ಹೇಳಿದಂಗೂ ಆತು, ನಿನಗ ಕೇಳಿಸದಂಗೂ ಆತು. ಛಲೋ ಆತು ಬಿಡು," ಎಂದಳು ಅವ್ವ. ಒಂದು ಹರಳು ಆರಿಸಿ ಹೊರಗೆಸೆದಳು.

ಕಿವಿಯಲ್ಲಿ ಸಾಲ್ಯಾನ್: "ಹನ್ನೊಂದನೇ ಕ್ರೇನ್, ಎಂತ ಮಾರಾಯ್ರೆ, ಡಬ್ಬಿ ಆಕಾಶದಲ್ಲೇ ಉಂಟಲ್ಲ?"

'ಸರಿ' ಗುಂಡಿ ಒತ್ತಿದೆ. ತೂಗುವ ಕಂಟೇನರ್ ಅರ್ಧ ನಿಮಿಷ ನಿಂತರೆ ಗುಂಡಿ ಸಾಲದು, ಬಾಯಿಬಿಟ್ಟೇ ಹೇಳಬೇಕು.

"ಹನ್ನೊಂದು, ಬಾಯಿಂದ ಹೇಳಿ. ಗಾಳಿಯೋ, ಯಂತ್ರವೋ? ಕೆಳಗೆ ಡ್ರೈವರ್ ಇದ್ದಾನೆ."

"ಯಂತ್ರ ಸರಿ ಐತ್ರಿ," ಎಂದೆ. "ನನ್ನ ಮನ್ಯಾಗ ಕೆಲಸ ಬಂದೈತಿ. ಇದೊಂದು ಇಳಿಸಿ ಎದ್ದ ಬಿಡತೀನಿ."

ಮೊರದ ಸದ್ದು ನಿಂತಿತು.

ಐದು ತಿಂಗಳಲ್ಲಿ ಕೆಲಸದ ಹೊತ್ತಿನಲ್ಲಿ ನನ್ನ ಧ್ವನಿ ಅವ್ವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳಿಗೆ ವಿವರಿಸಬೇಕಾಗಲಿಲ್ಲ. ಪರದೆಯ ಅಂಚಿನಲ್ಲಿ ಕಂಡಿತು: ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದಳು. ಫ್ಯಾನು ಕಿರುಗುಡುತ್ತಿತ್ತು. ನಾನು ತಿರುಗಲಿಲ್ಲ.

ಸೆರಗಿನ ಒಳಗಿನಿಂದಲೇ ಅವಳು ಕೇಳಿದಳು. "ಆ ಡಬ್ಬಿ ಇನ್ನಾ ಮ್ಯಾಲ ಐತೇನು?"

"ಐತಿ."

"ಮೊದಲ ಅದನ್ನ ಇಳಸು. ಕೆಳಗ ಯಾರ ಮಗ ಅದಾನೋ ಏನೋ."

ಇಳಿಸಿದೆ. ನಾಲ್ಕು ಮೂಲೆಯೂ ಲಾರಿಯ ಕೊಂಡಿಯಲ್ಲಿ ಕೂತವು. ಕ್ರೇನಿಗೆ ಬೀಗ ಹಾಕಿದೆ. ಪಟ್ಟಿ ಬಿಚ್ಚುವ ಮುನ್ನ ಸಾಲ್ಯಾನ್ ಕೇಳಿದರು: "ಪಾಳಿಯ ನಡುವೆ ಎದ್ದರೆ ನಾನು ಬರೆಯಬೇಕಾಗ್ತದೆ ದುಂಡಪ್ಪನವರೆ. ತೆರೆ ಇಳಿಸಿದ್ದೂ ಈಗ ಕಾಣ್ತಾ ಉಂಟು. ಎಂತ ಬರೆಯಲಿ?"

"ಇದ್ದದ್ದು ಬರೀರಿ."

"ಆಯ್ತು. ಹೋಗಿ ನೀವು," ಎಂದರು.

ಗೆರೆ ದಾಟಿ ಅವ್ವನ ಎದುರು ಕುಳಿತೆ. ಅವಳು ಸೆರಗು ತೆಗೆಯಲಿಲ್ಲ. "ದವಾಖಾನಿಗೆ ಹೋಗೂಣು," ಎಂದೆ. "ಕಸ್ತೂರಿ ಬರಲಿ," ಎಂದಳು. ಕಸ್ತೂರಿಗೆ ಫೋನ್ ಮಾಡಿದೆ. ರೋಣದ ಬಸ್ಸಿನಲ್ಲಿದ್ದಳು, ಹಿಂದೆ ಜನರ ಗದ್ದಲ. ಎರಡು ಮಾತಿನಲ್ಲಿ ಹೇಳಿದೆ. "ಮೊಣಕಾಲಿಗೆ ಮುಲಾಮು ಹಚ್ಚಿಸಿದ್ನೆಲ್ಲೋ ದೇವರ," ಎಂದವಳೇ ಅತ್ತುಬಿಟ್ಟಳು. ಬಸ್ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಬಂದಳು, ಕೊರಳಲ್ಲಿ ಟಿಕೆಟ್ ಚೀಲ ಹಾಗೇ ಇತ್ತು.

ಪರೀಕ್ಷೆಗಳು ಹತ್ತು ದಿನ ಹಿಡಿದವು. ಗರ್ಭಕೋಶದಲ್ಲಿ ಗಡ್ಡೆ, ಕೆಟ್ಟದ್ದೇ. ಆದರೆ ಹೊರಗೆ ಹಬ್ಬಿಲ್ಲ, ಕೋಶ ತೆಗೆದರೆ ಸಾಕಾಗಬಹುದು ಎಂದರು. ಇನ್ನು ಆರು ತಿಂಗಳು ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನ್ನತ್ತ ನೋಡಿ ಹೇಳಿದರು.

ನಡುವೆ ಒಂದು ದಿನ ಹುಬ್ಬಳ್ಳಿಯಲ್ಲಿ ವಿಚಾರಣೆಯಾಯಿತು. ಕ್ರೇನ್ ನಡೆಯುವಾಗ ತೆರೆ ಇಳಿಸಿದ್ದು, ಸುಳ್ಳು ನೋಂದಣಿ, ಪಾಳಿ ಬಿಟ್ಟು ಎದ್ದದ್ದು, ಮೂರನ್ನೂ ಒಪ್ಪಿಕೊಂಡೆ. ತಾಯಿಯ ಮಾತಿನ ಬಗ್ಗೆ ಅನುಮಾನ ಹೇಗೆ ಬಂತು ಎಂದು ಕೇಳಿದರು. ತುಟಿ ಅಲುಗುವುದು ಕಾಣುತ್ತಿತ್ತು ಎಂದೆ. ಗಾಜಿನ ಗೋಡೆಯ ಹಿಂದೆ ಶಾಹೀನಾ ಕಿವಿಗೆ ಯಂತ್ರ ಹಾಕಿಕೊಂಡು ಯಾರದೋ ಮನೆಯ ಮಾತು ಕೇಳುತ್ತಿದ್ದರು. ನನ್ನತ್ತ ನೋಡಲಿಲ್ಲ, ನಾನೂ ನೋಡಲಿಲ್ಲ. ಒಪ್ಪಿಕೊಂಡದ್ದಕ್ಕೋ ಏನೋ, ಆಗಲೇ ಕೆಲಸದಿಂದ ತೆಗೆಯದೆ ಮೂರು ತಿಂಗಳ ಅಮಾನತು ಕೊಟ್ಟರು. ಆಮೇಲೆ ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ. ಮನೆಗೆ ಇಬ್ಬರು ಬಂದು ತೊಲೆಯಿಂದ ಬಿಲ್ಲೆಗಳನ್ನು ಕಿತ್ತುಕೊಂಡು ಹೋದರು.

ಶಸ್ತ್ರಚಿಕಿತ್ಸೆಯ ಹಿಂದಿನ ಮಧ್ಯಾಹ್ನ ಅವ್ವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ವಾರ್ಡಿನಲ್ಲಿ ಎಂಟು ಹಾಸಿಗೆ, ಯಾರದೋ ಫೋನು, ಯಾರದೋ ಕೂಸು, ಗಾಲಿ ಕಿರುಗುಡಿಸುತ್ತ ಬರುವ ಔಷಧದ ಗಾಡಿ. ಅಂದಿನಿಂದ ಅವ್ವ ನನ್ನೊಡನೆ ಬೇಕಾದಷ್ಟೇ ಮಾತಾಡಿದ್ದಳು: ನೀರು ಕೊಡು, ಕಿಟಕಿ ಹಾಕು. ನಾನೂ ಅಷ್ಟೇ.

ಗಾಡಿ ದಾಟಿಹೋದ ಮೇಲೆ ಅವಳೇ ಕೇಳಿದಳು.

"ನೀ ಎಷ್ಟು ಕೇಳಿದೆಲೇ?"

"ಎರಡು ದಿವಸದ್ದು. ಹತ್ತ ಹತ್ತ ನಿಮಿಷ."

"ಅದಕ್ಕ ಮೊದಲಿಂದು?"

"ಒಂದೂ ಕೇಳಿಲ್ಲ."

"ಯುಗಾದಿಯಿಂದ ಹೇಳಿದ್ದು? ನಿಮ್ಮಪ್ಪಂದು, ಬಾವಿದು, ನನ್ನ ಸಾಲೀ ಬಿಡಿಸಿದ್ದು, ಯಾವುದೂ?"

"ಯಾವುದೂ ಇಲ್ಲವ್ವಾ."

ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸುಳ್ಳಲ್ಲ ಎಂದು ಖಾತ್ರಿಯಾಗಿರಬೇಕು. ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ಎದ್ದು ಕುಳಿತಳು, ಕಾಲು ಮಡಚಿ ನನಗೆ ಹಾಸಿಗೆಯ ಮೇಲೆ ಜಾಗ ಮಾಡಿದಳು.

"ಹಂಗಾರ ಈ ಕಡೆ ಸರಕೊಂಡ ಕುಂದರ," ಎಂದಳು. "ಮೊದಲಿಂದ ಹೇಳತೀನಿ."